ಮದುವೆ ಫೋಟೋಗೆ ಪೋರ್ಟ್ರಾ ಬಣ್ಣ: ಯಾವ ಸಾಫ್ಟ್‌ವೇರ್ ಒಳ್ಳೇದು?

ಪ್ರಶ್ನೆ: ಕೊಡಾಕ್ ಪೋರ್ಟ್ರಾ 400 ರೀಲಿನ ಥರದ ಬಣ್ಣ ಬೇಕು ಅಂತ ಗಿರಾಕಿಗಳು ಕೇಳ್ತಿದ್ದಾರೆ. ಕ್ಯಾನನ್ ಕ್ಯಾಮೆರಾ, ರಾ ಫೈಲು (ಕ್ಯಾಮೆರಾ ತಿದ್ದದ ಮೂಲ ಫೈಲು), 8 ಜಿಬಿ ರ್ಯಾಮ್ ಲ್ಯಾಪ್‌ಟಾಪ್. ಮದುವೆಗೆ ಸಾವಿರದ ಮೇಲೆ ಫೋಟೋ. ತಿಂಗಳ ಬಾಡಿಗೆ ಸಾಫ್ಟ್‌ವೇರ್ ಬೇಡ. ಕೊಂಡ ಪ್ರೀಸೆಟ್ (ಸಿದ್ಧ ಬಣ್ಣದ ಸೆಟ್ಟಿಂಗ್) ಒಂದೊಂದು ಫೋಟೋಗೆ ಒಂದೊಂದು ಥರ ಕೂರ್ತಿದೆ. ನೀವೆಲ್ಲ ಏನು ಬಳಸ್ತೀರಿ?

ಉತ್ತರ 1: ಒಂದೊಂದು ಥರ ಕೂರೋದಕ್ಕೆ ಸಾಫ್ಟ್‌ವೇರ್ ಕಾರಣ ಅಲ್ಲ ಸರ್, ವೈಟ್ ಬ್ಯಾಲೆನ್ಸ್, ಅಂದ್ರೆ ಬಿಳಿ ಬಿಳಿಯಾಗೇ ಕಾಣೋ ಹಾಗೆ ಬೆಳಕಿನ ಬಣ್ಣ ಸರಿದೂಗಿಸೋದು. ಅರಿಶಿನ ಶಾಸ್ತ್ರದಲ್ಲಿ ಚೌಕಟ್ಟು ತುಂಬಾ ಹಳದಿ ಇರುತ್ತೆ. ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಬೆಳಕಿನ ಬಣ್ಣ ಅಂದ್ಕೊಂಡು ನೀಲಿ ಸುರೀತದೆ. ಅದರ ಮೇಲೆ ಫಿಲ್ಮ್ ಲುಕ್ ಹಾಕಿದರೆ ತಪ್ಪು ಇನ್ನೂ ಎದ್ದು ಕಾಣುತ್ತೆ. ಹಾಗಂತ ಐಡ್ರಾಪರನ್ನು (ಬಿಳಿ ಯಾವುದು ಅಂತ ಫೋಟೋದಲ್ಲಿ ಒತ್ತಿ ತೋರಿಸೋ ಸಾಧನ) ಬಿಳಿ ಪಂಚೆ ಮೇಲೆ ಒತ್ತಬೇಡಿ. ನಮ್ಮ ಪಂಚೆಗಳೆಲ್ಲ ನೀಲಿಯಲ್ಲಿ ಅದ್ದಿದವು, ಅಲ್ಲಿಂದ ಬಿಳಿ ತಗೊಂಡರೆ ಮುಖಗಳು ಹಳದಿಗೆ ವಾಲ್ತವೆ. ಬೆಳಕು ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಬೇರೆ ಬಣ್ಣ ಬೆರೆಯದ ಬೂದು ಕಾರ್ಡು) ಹಿಡಿದು ಒಂದು ಫ್ರೇಮ್ ತೆಗೀರಿ. ಆ ಬೆಳಕಿನ ಎಲ್ಲ ಫೋಟೋಗೂ ಅದೇ ವೈಟ್ ಬ್ಯಾಲೆನ್ಸ್ ಅಂಟಿಸಿ, ಲುಕ್ ಆಮೇಲೆ.

ಉತ್ತರ 2: ದುಡ್ಡು ಕೊಡದೆ ಆಗಬೇಕು ಅಂದ್ರೆ ರಾಥೆರಪಿ ಅನ್ನೋ ಉಚಿತ ರಾ ಎಡಿಟರ್. ಫಿಲ್ಮ್ ಸಿಮ್ಯುಲೇಷನ್ ಸಂಗ್ರಹ ಬೇರೆಯಾಗಿ ಇಳಿಸಿಕೊಳ್ಳಬೇಕು. ಜಿಪ್ ಬಿಚ್ಚಿ, ಪ್ರಿಫರೆನ್ಸಸ್‌ನಲ್ಲಿ ಇಮೇಜ್ ಪ್ರೊಸೆಸಿಂಗ್‌ಗೆ ಹೋಗಿ ಹಾಲ್ಡ್‌ಕ್ಲಟ್ (ಯಾವ ಬಣ್ಣ ಯಾವುದಾಗಬೇಕು ಅಂತ ಹೇಳೋ ಚಿತ್ರ) ಫೋಲ್ಡರ್ ತೋರಿಸಿ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೀರಿ. ತೆರೆಯದಿದ್ದರೆ ಪಟ್ಟಿ ಖಾಲಿಯೇ ಕಾಣೋದು. ಎಷ್ಟೋ ಜನ ಇಲ್ಲೇ ಕೈಬಿಡ್ತಾರೆ.

ಮೊದಲು ಆಟೋ-ಮ್ಯಾಚ್ಡ್ ಕರ್ವ್ ಪ್ರೊಫೈಲ್ (ರಾ ಫೈಲಿನ ಟೋನನ್ನು ಕ್ಯಾಮೆರಾದ ಜೆಪೆಗ್‌ಗೆ ಹೊಂದಿಸೋದು) ಹಾಕಿ. ಈ ಲುಕ್‌ಗಳು ಜೆಪೆಗ್‌ನಷ್ಟು ಕಾಂಟ್ರಾಸ್ಟ್ ಇರೋ ಚಿತ್ರಕ್ಕೆ ಹೊಂದುವಂಥವು. ಚಪ್ಪಟೆ ರಾ ಮೇಲೆ ಹಾಕಿದರೆ ಬೂದಿ ಬಳಿದ ಹಾಗಿರುತ್ತೆ. ಪೋರ್ಟ್ರಾ 400ಕ್ಕೇ ತೆಳುವಿನಿಂದ ಗಾಢದವರೆಗೆ ಹಲವು ಮಾದರಿ ಇವೆ. ತೆಳುವಿನಿಂದ ಶುರು ಮಾಡಿ, ಸ್ಟ್ರೆಂತ್ 100 ಬೇಡ, 60–70 ಸಾಕು. ಒಂದು ಫೋಟೋ ಸರಿಯಾದ ಮೇಲೆ ಉಳಿದವಕ್ಕೆ ಪಾರ್ಷಿಯಲ್ ಪೇಸ್ಟ್ ಕೊಟ್ಟು ಫಿಲ್ಮ್ ಸಿಮ್ಯುಲೇಷನ್ ಒಂದನ್ನೇ ಟಿಕ್ ಮಾಡಿ. ಪೂರ್ತಿ ಪೇಸ್ಟ್ ಮಾಡಿದರೆ ಮೇಲೆ ಹೇಳಿದ ವೈಟ್ ಬ್ಯಾಲೆನ್ಸ್ ಕೆಲಸವೆಲ್ಲ ಅಳಿಸಿಹೋಗುತ್ತೆ.

ಸ್ವಂತ ಲುಕ್ಕೂ ಮಾಡ್ಕೋಬಹುದು. ಲೆವೆಲ್ 8 ಐಡೆಂಟಿಟಿ ಚಿತ್ರ (ಬಣ್ಣ ಇನ್ನೂ ತಿದ್ದದ ಮೂಲ ಹಾಲ್ಡ್‌ಕ್ಲಟ್) ಅಂದ್ರೆ 512×512 ಪಿಕ್ಸೆಲ್‌ನ ಬಣ್ಣದ ಚೌಕ. ಬೇಕಾದ ಎಡಿಟರಿನಲ್ಲಿ ಅದನ್ನು ತೆರೆದು ಬಣ್ಣ ಮಾತ್ರ ತಿದ್ದಿ, ಪಿಎನ್‌ಜಿಯಲ್ಲಿ ಉಳಿಸಿ ಅದೇ ಫೋಲ್ಡರಿಗೆ ಹಾಕಿ. ಶಾರ್ಪ್‌ನಿಂಗ್, ಗ್ರೇನ್ (ರೀಲಿನ ಥರದ ಸಣ್ಣ ಕಾಳು), ವಿನ್ಯೆಟ್ (ಅಂಚು ಕಪ್ಪಾಗಿಸೋದು) ಏನೂ ಸೋಕಬಾರದು: ಅಲ್ಲಿ ಒಂದೊಂದು ಪಿಕ್ಸೆಲ್ಲೂ ಒಂದೊಂದು ಬಣ್ಣದ ವಿಳಾಸ. ಜೆಪೆಗ್‌ನಲ್ಲಿ ಉಳಿಸಿದರೂ ಆಕಾಶದಲ್ಲಿ ಪಟ್ಟೆ ಬರ್ತವೆ.

ಉತ್ತರ 3: ಡಾರ್ಕ್‌ಟೇಬಲ್ ಕೂಡ ಉಚಿತ, ಲಟ್ 3ಡಿ ಮಾಡ್ಯೂಲ್‌ನಲ್ಲಿ (ಲಟ್ ಅಂದ್ರೆ ಬಣ್ಣ ಬದಲಿಸೋ ಕೋಷ್ಟಕ) ಇದೇ ಹಾಲ್ಡ್‌ಕ್ಲಟ್ ಹಾಕಬಹುದು, ಇನ್ನೊಂದು ಥರದ ಲಟ್ ಆದ ಕ್ಯೂಬ್ ಫೈಲೂ ಆಗುತ್ತೆ. ವಿಡಿಯೋದವರ ಲಾಗ್ ಲಟ್ (ಕಾಂಟ್ರಾಸ್ಟ್ ಇಲ್ಲದ ಚಪ್ಪಟೆ ವಿಡಿಯೋಗೆ ಮಾಡಿದ್ದು) ಮಾತ್ರ ಹಾಕಬೇಡಿ, ನೆರಳು ಕಪ್ಪುಕಟ್ಟಿ ಬಣ್ಣ ಉರಿಯುತ್ತೆ. ಕಲಿಯೋಕೆ ರಾಥೆರಪಿಗಿಂತ ಜಾಸ್ತಿ ದಿನ ಹಿಡಿಯುತ್ತೆ.

ಉತ್ತರ 4: ಲೈಟ್‌ರೂಮ್ ಬಾಡಿಗೆ ಕಟ್ಟುವವರಿಗೆ ಒಂದು ಮಾತು. ಪ್ರೀಸೆಟ್ ನಿಮ್ಮ ಸ್ಲೈಡರುಗಳನ್ನೇ ಸರಿಸುತ್ತೆ. ಅದರಲ್ಲಿ ಎಕ್ಸ್‌ಪೋಶರ್ ಸೇರಿದ್ದರೆ ನಿಮ್ಮದು ಹೋಯ್ತು. ಕ್ರಿಯೇಟಿವ್ ಪ್ರೊಫೈಲ್ ಸ್ಲೈಡರ್ ಮುಟ್ಟಲ್ಲ, 0ಯಿಂದ 200ರವರೆಗೆ ಪ್ರಮಾಣ ಬದಲಾಯಿಸಬಹುದು. ಕೊಳ್ಳುವ ಮುಂಚೆ ಯಾವುದು ಅಂತ ಕೇಳಿ. ಹಳೇ ವಿಎಸ್‌ಸಿಒ ಫಿಲ್ಮ್ ಪ್ಯಾಕ್ ಯಾರಾದ್ರೂ ಮಾರಿದರೆ ಬೇಡ, 2019ರಲ್ಲೇ ನಿಲ್ಲಿಸಿದ್ದಾರೆ.

ಉತ್ತರ 5: ಡಿಹ್ಯಾನ್ಸರ್ (ಫಿಲ್ಮ್ ಲುಕ್ ಕೊಡೋ ಪ್ಲಗಿನ್) ನೋಡಿ ಆಸೆಪಡಬೇಡಿ. ಅದರ ಹೆಸರಾದ ಗುಣ ಹ್ಯಾಲೇಷನ್, ದೀಪದ ಸುತ್ತ ಕೆಂಪು ಹೊಳಪು. ಬೆಳಕು ರೀಲಿನ ಬೆನ್ನಿಗೆ ಬಡಿದು ವಾಪಸ್ ಬಂದು ಕೆಂಪು ಪದರವನ್ನು ತಾಗಿದಾಗ ಅದು ಮೂಡೋದು. ಪೋರ್ಟ್ರಾದಲ್ಲಿ ಅದನ್ನು ತಡೆಯುವ ಪದರವೇ ಇದೆ. ಆ ಪದರ ಇಲ್ಲದ ಸಿನೆಸ್ಟಿಲ್ 800ಟಿ ರೀಲಿನ ಲುಕ್ ಬೇಕು ಅನ್ನೋರಿಗೆ ಸರಿ, ನಿಮಗೆ ದಂಡ.

ಇನ್ನೊಂದು: 400ರ ಪೋರ್ಟ್ರಾವನ್ನು ಐಎಸ್‌ಒ 200ಕ್ಕೆ ಇಟ್ಟು ಒಂದು ಸ್ಟಾಪ್ (ಅಂದ್ರೆ ಎರಡರಷ್ಟು) ಜಾಸ್ತಿ ಬೆಳಕು ಕೊಡೋ ಅಭ್ಯಾಸ ರೀಲಿನವರದು. ನೆಗೆಟಿವ್ ಬೆಳಕಿನ ಕಡೆ ತಾಳಿಕೊಳ್ಳುತ್ತೆ, ಡಿಜಿಟಲ್ ಸೆನ್ಸರ್ ತಾಳಲ್ಲ. ಜರಿ ಅಂಚು ಉಳಿಯುವಷ್ಟಕ್ಕೆ ತೆಗೆದು, ಮಧ್ಯದ ಟೋನನ್ನು ಆಮೇಲೆ ಎತ್ತಿ.

ಉತ್ತರ 6: ಗ್ರೇನ್ ಕೊನೇ ಹೆಜ್ಜೆ. 6000 ಪಿಕ್ಸೆಲ್ ಅಗಲದ ಫೋಟೋಗೆ ಹಾಕಿ 1080ಕ್ಕೆ ಕುಗ್ಗಿಸಿದರೆ ಸುಮಾರು 30 ಪಿಕ್ಸೆಲ್ ಸೇರಿ ಒಂದಾಗುತ್ತೆ, ಗ್ರೇನ್ ಮಾಯ. ಮೊದಲು ಕುಗ್ಗಿಸಿ. ಜಿಂಪ್ ಅನ್ನೋ ಉಚಿತ ಎಡಿಟರಿನಲ್ಲಿ 50% ಬೂದು ಪದರ, ಆರ್‌ಜಿಬಿ ನಾಯ್ಸ್ (ಇಂಡಿಪೆಂಡೆಂಟ್ ಆಯ್ಕೆ ತೆಗೆದು, ಇಲ್ಲದಿದ್ದರೆ ಬಣ್ಣದ ಚುಕ್ಕಿ), 0.5 ಪಿಕ್ಸೆಲ್ ಬ್ಲರ್, ಸಾಫ್ಟ್ ಲೈಟ್, ಒಪ್ಯಾಸಿಟಿ 20%. ಆಲ್ಬಂಗೆ ಬೇರೆ ಲೆಕ್ಕ: 12×36 ಶೀಟಿನ ಅರ್ಧ ಅಂದ್ರೆ 300 ಡಿಪಿಐನಲ್ಲಿ 5400 ಪಿಕ್ಸೆಲ್ ಅಗಲ. ಅಲ್ಲಿ ಹೆಚ್ಚು ಕುಗ್ಗಿಸೋದೇ ಇಲ್ಲ, ಪೂರ್ತಿ ಅಳತೆಯಲ್ಲೇ ಹಾಕಿ.

ಕೇಳಿದವರು: ಸ್ಟೇಜಿನ ಎಲ್‌ಇಡಿ ಬೆಳಕಲ್ಲಿ ಕೆಂಪು ರೇಷ್ಮೆ ಸೀರೆ ಒಂದೇ ಮುದ್ದೆ ಆಗ್ತಿದೆ. ಅದಕ್ಕೂ ಲುಕ್ ಕಾರಣವಾ?

ಉತ್ತರ 2: ಲುಕ್ ತೆಗೆದು ನೋಡಿ. ಆಗ ನೆರಿಗೆ ಕಂಡರೆ ಸ್ಟ್ರೆಂತ್ 40ಕ್ಕೆ ಇಳಿಸಿ, ಕೆಂಪಿನ ಸ್ಯಾಚುರೇಷನ್ ಕಡಿಮೆ ಮಾಡಿ. ಆಗಲೂ ಮುದ್ದೆಯೇ ಇದ್ದರೆ ರಾ ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸೋ ನಕ್ಷೆ) ಕೆಂಪು ಗೆರೆ ಬಲತುದಿಗೆ ಅಂಟಿದೆಯಾ ನೋಡಿ. ಅಂಟಿದ್ದರೆ ತೆಗೆಯುವಾಗಲೇ ಕೆಂಪು ಕತ್ತರಿಸಿದೆ, ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಮುಂದಿನ ಸಲ ಆ ಬೆಳಕಲ್ಲಿ ಮುಕ್ಕಾಲು ಸ್ಟಾಪ್ ಕಡಿಮೆ ಎಕ್ಸ್‌ಪೋಶರ್ ಇಟ್ಟು ತೆಗೀರಿ.