‘ಬೇಸ್ ಅದ’ ಅಂದರೆ ಏನು? ಟವರ್ ಸ್ಪೀಕರ್, ಸಬ್‌ವೂಫರ್ ಮಾತಿಗೆ ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಸ್ಪೀಕರ್ ಕೊಳ್ಳುವಾಗ ಎಲ್ಲರ ಬಾಯಲ್ಲೂ ಬರುವ ‘ಬೇಸ್’ ಎಂಬ ಪದದ ಬಗ್ಗೆ ಕೇಳಬೇಕಿದೆ. ನಮ್ಮ ಕಡೆ ಈ ಒಂದೇ ಪದ ಕಡಿಮೆ ಅಂದರೂ ಮೂರು ಬೇರೆ ಬೇರೆ ವಿಷಯಗಳಿಗೆ ಬಳಕೆಯಾಗುತ್ತಿದೆ. ಆ ಮೂರನ್ನು ಬಿಡಿಸಿ ಹೇಳದೆ, ಟವರ್ ಸ್ಪೀಕರ್ (ನೆಲದ ಮೇಲೆ ನಿಲ್ಲುವ ಉದ್ದನೆಯ ಪೆಟ್ಟಿಗೆ) ತಗೊಳ್ಳಬೇಕಾ, ಸಣ್ಣ ಸ್ಪೀಕರ್ ಜೊತೆ ಸಬ್‌ವೂಫರ್ (ಕೆಳದನಿಗಳನ್ನಷ್ಟೇ ನುಡಿಸುವ ಬೇರೆ ಪೆಟ್ಟಿಗೆ) ತಗೊಳ್ಳಬೇಕಾ ಎಂಬ ಪ್ರಶ್ನೆಗೆ ಕನ್ನಡದಲ್ಲಿ ನೆಟ್ಟಗೆ ಉತ್ತರ ಬರೆಯೋಕೆ ಆಗುತ್ತಿಲ್ಲ.

ನಾನು ಕಲಬುರಗಿಯವನು. ನಮ್ಮ ಕಾಕಾ ಯಾದಗಿರಿಯಲ್ಲಿ ಮನೆ ಕಟ್ಟಿಸಿದ್ದಾರೆ. ಪಡಸಾಲೆ 12 ಅಡಿ ಅಗಲ, 16 ಅಡಿ ಉದ್ದ, ನೆಲಕ್ಕೆ ಶಹಾಬಾದ್ ಕಲ್ಲು. ಅವರು ಕೇಳೋದು ಹಿಂದೂಸ್ತಾನಿ ಗಾಯನ, ಭಜನೆ. ಮಕ್ಕಳಿಗೆ ಸಿನಿಮಾ ಬೇಕು. ‘ಎರಡರಾಗ ಯಾವುದು ತರಬೇಕು, ಯಾಕ ತರಬೇಕು, ಒಂದು ಹಾಳಿ ಮ್ಯಾಲ ಬರದು ಕೊಡು, ಅಂಗಡಿಗೆ ಒಯ್ತೀನಿ’ ಅಂದರು. ಆ ಹಾಳೆ ಬರೆಯುವಾಗ ಎದ್ದ ಪ್ರಶ್ನೆಗಳು ಇವು.

ಮೊದಲಿಗೆ ನಮ್ಮದೇ ‘ಬೇಸ್’. ಯಾದಗಿರಿ, ರಾಯಚೂರು ಕಡೆ ಬೇಸ್ ಅಂದರೆ ಚೆನ್ನಾಗಿದೆ ಅಂತ. ‘ಊಟ ಬೇಸ್ ಆಯ್ತು’, ‘ಮಳಿ ಬೇಸ್ ಬಂತು’ ಅಂತೀವಿ. ಹಾಗಾಗಿ ಅಂಗಡಿಯವರು ಸ್ಪೀಕರ್ ಹಚ್ಚಿ ‘ಬೇಸ್ ಅದ ನೋಡ್ರಿ’ ಅಂದರೆ ಚೆನ್ನಾಗಿದೆ ಅನ್ನೋದು, ಇಂಗ್ಲಿಷಿನ ಬೇಸ್ ಅಂದರೆ ಕೆಳದನಿ ಅನ್ನೋದು, ಎರಡೂ ಅರ್ಥ ಒಟ್ಟಿಗೇ ಕಿವಿಗೆ ಬೀಳುತ್ತವೆ. ಕೆಳದನಿ ಜಾಸ್ತಿ ಇದ್ದರೆ ಅದೇ ಚೆನ್ನಾಗಿರೋದು ಅಂತ ಮನಸ್ಸು ಒಪ್ಪಿಬಿಡುತ್ತದೆ. ಕಾಕಾ ಒಂದು ಅಂಗಡಿಯಲ್ಲಿ ಕೇಳಿ ಬಂದು ನನಗೆ ಹೇಳಿದ ಮಾತು: ‘ಬೇಸ್ ಅದ ಖರೆ, ಆದ್ರ ಹಾಡೋರ ಮಾತು ತಿಳೀವಲ್ದು.’ ಅವರು ಹೇಳಿದ್ದು ಯಾವ ಬೇಸ್? ಈ ದೇಸಿ ‘ಬೇಸು’ ಮತ್ತು ಭೇಷ್ ಅಂತ ಬೆನ್ನು ತಟ್ಟುವ ಪದ ಎರಡೂ ಒಂದೇ ಮೂಲದವೇ? ಬಲ್ಲವರು ತಿಳಿಸಿ.

ಈಗ ಇಂಗ್ಲಿಷಿನಿಂದ ಬಂದ ಬೇಸ್. ನಾನು ಹೇಳಿದ ಮೂರು ಅರ್ಥಗಳೂ ಅದರೊಳಗೇ ಸೇರಿಕೊಂಡಿವೆ. ಮೊದಲನೆಯದು, ಸ್ಪೀಕರ್ ಎಷ್ಟು ಕೆಳಗಿನ ಸ್ವರದವರೆಗೆ ಇಳಿಯುತ್ತದೆ ಎಂಬುದು. ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವ ಲೆಕ್ಕಕ್ಕೆ ಹರ್ಟ್ಸ್ ಅಂತಾರೆ; ಅದು ಕಡಿಮೆಯಾದಷ್ಟೂ ಸ್ವರ ಕೆಳಗೆ. ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ. ಐದಾರು ಇಂಚಿನ ವೂಫರ್ (ಪೆಟ್ಟಿಗೆಯೊಳಗೆ ಕೆಳದನಿ ನುಡಿಸುವ ಭಾಗ) ಇರುವ ಸಣ್ಣ ಸ್ಪೀಕರ್ ಸಾಮಾನ್ಯವಾಗಿ 50–60 ಹರ್ಟ್ಸ್‌ಗೆ ಸುಸ್ತಾಗುತ್ತದೆ. ಟವರ್ ಆದರೆ 35–45ರವರೆಗೆ ಹೋಗುತ್ತದೆ. ಒಳ್ಳೆಯ ಸಬ್‌ವೂಫರ್ 20–30ರ ಹತ್ತಿರ ಇಳಿಯುತ್ತದೆ. ಈ ಇಳಿಯುವ ಗುಣಕ್ಕೆ ನಮ್ಮ ಭಜನೆಯವರ ಬಾಯಲ್ಲಿ ಸೊಗಸಾದ ಪದ ಇದೆ: ಖರ್ಜ. ತಂಬೂರಿಯ ಎಲ್ಲಕ್ಕಿಂತ ಕೆಳಗಿನ ತಂತಿಗೆ ಖರ್ಜದ ತಂತಿ ಅಂತಲೇ ಹೆಸರು. ‘ಅವರಿಗೆ ಖರ್ಜ ಹತ್ತೋದಿಲ್ಲ’ ಅಂದರೆ ಅಷ್ಟು ಕೆಳಗೆ ದನಿ ಇಳಿಯೋದಿಲ್ಲ ಅಂತ. ಹಾಗಾದರೆ ‘ಈ ಸ್ಪೀಕರ್‌ಗೆ ಖರ್ಜ ಹತ್ತುವುದಿಲ್ಲ’ ಅಂತ ಬರೆದರೆ ಮೈಸೂರು, ಮಂಗಳೂರು ಕಡೆಯವರಿಗೆ ತಿಳಿಯುತ್ತದಾ? ಅಥವಾ ‘ಮಂದ್ರ’ವೇ ವಾಸಿಯಾ?

ಖರ್ಜ ಅಂತ ಬರೆದ ಮೇಲೆ ಲೆಕ್ಕ ಹಾಕಿ ನೋಡಿದೆ. ಇಲ್ಲೇ ವಿಷಯ ತಿಳಿಯಾಯಿತು. ಗಂಡಸು ಹಾರ್ಮೋನಿಯಂನ ಕಪ್ಪು ಒಂದರಲ್ಲಿ, ಅಂದರೆ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಹಾಡಿದರೆ ಮಧ್ಯ ಸಪ್ತಕದ ಷಡ್ಜ ಸುಮಾರು 139 ಹರ್ಟ್ಸ್. ತಂಬೂರಿಯ ಖರ್ಜದ ತಂತಿ ಅದರ ಅರ್ಧ, ಅಂದರೆ ಸುಮಾರು 69. ಹೆಂಗಸರ ಶ್ರುತಿ ಇನ್ನೂ ಮೇಲೆ. ಹಾಗಾಗಿ 60 ಹರ್ಟ್ಸ್‌ವರೆಗೆ ಚೊಕ್ಕವಾಗಿ ಇಳಿಯುವ ಸಣ್ಣ ಸ್ಪೀಕರ್ ಕಾಕಾ ಕೇಳುವ ಗಾಯನಕ್ಕೆ ಸಾಕಾಗುತ್ತದೆ. ತಂಬೂರಿ, ಹಾರ್ಮೋನಿಯಂ, ಹಾಡುವವರ ದನಿ ಎಲ್ಲವೂ ಅದರಲ್ಲೇ ಬರುತ್ತವೆ. 40 ಹರ್ಟ್ಸ್‌ಗಿಂತ ಕೆಳಗಿನದು ಬೇಕಾಗೋದು ಸಿನಿಮಾದ ಗುಡುಗು, ಸ್ಫೋಟಕ್ಕೆ, ಈಗಿನ ಹಾಡುಗಳ ಕೀಬೋರ್ಡ್ ಸದ್ದಿಗೆ. ‘ಬೇಸ್ ಬೇಕು’ ಅಂತ ಸುಮ್ನೆ ಬರೆದಿದ್ದರೆ ಈ ವ್ಯತ್ಯಾಸ ಹೊರಗೇ ಬರುತ್ತಿರಲಿಲ್ಲ.

ಎರಡನೆಯ ಅರ್ಥ ಬಲದ್ದು. ಕೆಳಗೆ ಇಳಿಯೋದು ಬೇರೆ, ಇಳಿದ ಮೇಲೂ ಗಟ್ಟಿಯಾಗಿ ನುಡಿಯೋದು ಬೇರೆ ಅಲ್ವಾ? ಇದಕ್ಕೆ ಇಲ್ಲಿನ ಜನ ‘ದಮ್’ ಅಂತಾರೆ. ‘ಆ ಡಬ್ಬಿಯಾಗ ದಮ್ ಇಲ್ಲ.’ ದಮ್ ಯಾಕೆ ಕಷ್ಟ ಅಂದರೆ, ಅಷ್ಟೇ ಜೋರಾಗಿ ಒಂದು ಸಪ್ತಕ ಕೆಳಗೆ ನುಡಿಯಬೇಕಾದರೆ ಸ್ಪೀಕರಿನ ಕೋನ್ (ಸದ್ದು ಹೊರಡಿಸಲು ಅದುರುವ ಬಟ್ಟಲಿನಂಥ ಹಾಳೆ) ನಾಲ್ಕು ಪಟ್ಟು ಜಾಸ್ತಿ ಹಿಂದೆ ಮುಂದೆ ಆಡಬೇಕು. ಸಣ್ಣ ಕೋನ್‌ಗೆ ಅದು ಆಗದ ಕೆಲಸ. ಅದಕ್ಕೇ ಟವರ್‌ನಲ್ಲಿ ಎರಡು ಮೂರು ವೂಫರ್ ಹಾಕುತ್ತಾರೆ. ಸಬ್‌ವೂಫರ್‌ನಲ್ಲಿ ಹತ್ತು, ಹನ್ನೆರಡು ಇಂಚಿನ ಕೋನ್ ಹಾಕಿ ಅದಕ್ಕೇ ಬೇರೆ ಆಂಪ್ಲಿಫೈಯರ್ ಕೊಡುತ್ತಾರೆ. ಇನ್ನೊಂದು ಮಾತು. ರಾತ್ರಿ ವಾಲ್ಯೂಮ್ ಇಳಿಸಿದಾಗ ದಮ್ ಹೋಯಿತು ಅನ್ನಿಸುವುದು ಸ್ಪೀಕರಿನ ತಪ್ಪಲ್ಲ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿಯೇ ಕೆಳದನಿಗಳನ್ನು ಬಿಟ್ಟುಬಿಡುತ್ತದೆ. ಫ್ಲೆಚರ್ ಮತ್ತು ಮನ್ಸನ್ ಇದನ್ನು 1933ರಲ್ಲೇ ಅಳೆದು ತೋರಿಸಿದರು. ಸಬ್‌ವೂಫರ್ ಇದ್ದರೆ ಅದರ ಲೆವೆಲ್ ಮಾತ್ರ ತುಸು ಏರಿಸಿಕೊಳ್ಳಬಹುದು.

ಮೂರನೆಯದು ಸ್ಪೀಕರಿನದೇ ಅಲ್ಲ, ಕೋಣೆಯದು. ಆದರೂ ಅದನ್ನೂ ಬೇಸ್ ಅಂತಲೇ ಕರೆಯುತ್ತೇವೆ. ಕೋಣೆಯ ಎರಡು ಎದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ಉಬ್ಬುತ್ತವೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಉಬ್ಬು ಎಲ್ಲಿ ಅಂತ ಸಿಗುತ್ತದೆ. ಕಾಕಾನ ಪಡಸಾಲೆಯಲ್ಲಿ 12 ಅಡಿಗೆ ಸುಮಾರು 47 ಹರ್ಟ್ಸ್, 16 ಅಡಿಗೆ ಸುಮಾರು 35. ಈ ಸ್ವರ ಬಂದಾಗ ಗೋಡೆಗೆ ಒರಗಿ ಕೂತವರಿಗೆ ಕಿವಿ ತುಂಬುವಷ್ಟು ಗುಂಯ್ ಅನ್ನುತ್ತದೆ. ಕೋಣೆಯ ನಡುವೆ ಕೂತವರಿಗೆ ಅದೇ ಸ್ವರ ಮಾಯ. ಹಾಡೂ ಅದೇ, ವಾಲ್ಯೂಮೂ ಅದೇ. ಅಂಗಡಿಯಲ್ಲಿ ಕೇಳಿದ ಬೇಸ್ ಮನೆಯಲ್ಲಿ ಸಿಗದಿರುವುದಕ್ಕೆ, ಅಥವಾ ಬೇಡವೆಂದರೂ ಬರುವುದಕ್ಕೆ ಮುಖ್ಯ ಕಾರಣ ಇದು. ನಾನು ಇದನ್ನು ‘ಗುಂಯ್’ ಅಂತಲೇ ಬರೆದಿದ್ದೇನೆ. ಅನುರಣನ ಅಂತ ಬರೆಯಬಹುದಿತ್ತು, ಆದರೆ ಕಾಕಾ ಆ ಹಾಳೆಯನ್ನು ಅಂಗಡಿಯಲ್ಲಿ ಓದಿ ಹೇಳಬೇಕಲ್ಲ.

ಇದನ್ನು ಮಾರ್ದನಿ ಜೊತೆ ಬೆರೆಸಬಾರದು. ಗೋಳಗುಮ್ಮಟದಲ್ಲಿ ಆಡಿದ ಮಾತು ಮರಳಿ ಬರುತ್ತದಲ್ಲ, ಅದು ಮಾರ್ದನಿ. ನಮ್ಮ ಶಹಾಬಾದ್ ಕಲ್ಲಿನ ನೆಲ, ಖಾಲಿ ಗೋಡೆಗಳ ಮನೆಯಲ್ಲಿ ಮಾತಿನ ಕೊನೆಗೆ ಒಂದು ಟಣ್ ಉಳಿಯುತ್ತದೆ. ಅದೂ ಮಾರ್ದನಿಯ ಜಾತಿಯದೇ. ಜಮಖಾನ ಹಾಸಿದರೆ, ದಪ್ಪ ಪರದೆ ಹಾಕಿದರೆ ಆ ಟಣ್ ಎಷ್ಟೋ ಕಡಿಮೆಯಾಗುತ್ತದೆ, ಹಾಡುವವರ ಮಾತು ಬಿಡಿಯಾಗಿ ಕೇಳುತ್ತದೆ. ಆದರೆ ಗುಂಯ್ ಹೋಗುವುದಿಲ್ಲ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. ಬೆರಳು ದಪ್ಪದ ಜಮಖಾನ ಅದಕ್ಕೆ ಏನೂ ಮಾಡಲಾರದು. ‘ಜಮಖಾನ ಹಾಸ್ರಿ, ಬೇಸ್ ಸರಿ ಆಗ್ತದ’ ಎಂಬ ಸಲಹೆ ನಿಲ್ಲದಿರುವುದು ಇದಕ್ಕೇ.

ಇನ್ನು ಸಾಮಾನುಗಳ ಹೆಸರು. ಇಲ್ಲಿ ಸಬ್‌ವೂಫರನ್ನು ಎಲ್ಲರೂ ‘ವೂಫರ್’ ಅಂತಾರೆ. ‘ಟವರ್‌ಗೆ ವೂಫರ್ ಬರೋದಿಲ್ರಿ’ ಅಂತ ಅಂಗಡಿಯಲ್ಲಿ ಹೇಳುವುದೂ ಉಂಟು. ಟವರ್ ಒಳಗಿರುವುದೇ ವೂಫರ್‌ಗಳು! ಇಂಗ್ಲಿಷಿನಲ್ಲಿ ನಾಯಿಯ ದಪ್ಪ ಬೊಗಳಿಕೆಯ ಸದ್ದಿನಿಂದ ವೂಫರ್ ಬಂತು, ಹಕ್ಕಿಯ ಚಿಲಿಪಿಲಿಯಿಂದ ಟ್ವೀಟರ್ ಬಂತು. ಸಬ್ ಅಂದರೆ ಅದಕ್ಕೂ ಕೆಳಗಿನದು. ಹಾಳೆಯಲ್ಲಿ ನಾನು ಸಬ್‌ವೂಫರ್ ಅಂತ ಪೂರ್ತಿ ಬರೆದು ಅಡಿಗೆರೆ ಎಳೆದಿದ್ದೇನೆ.

ಟವರ್‌ಗೆ ‘ನಿಲುಪೆಟ್ಟಿಗೆ’ ಅಂತ ಒಂದು ಪದ ಹೊಳೆಯಿತು. ನಿಲುಗನ್ನಡಿ, ನಿಲುವಂಗಿ ಇದ್ದ ಹಾಗೆ. ನೆಲದ ಮೇಲೆ ತಾನೇ ನಿಲ್ಲುವ ಉದ್ದನೆಯ ಪೆಟ್ಟಿಗೆ ಅಂತ ಕೇಳಿದ ತಕ್ಷಣ ತಿಳಿಯುತ್ತದೆ. ಬಳಕೆಗೆ ಬರುತ್ತದಾ, ನೀವು ಹೇಳಬೇಕು. ಆದರೆ ಸಣ್ಣ ಸ್ಪೀಕರಿಗೆ ಇಂಗ್ಲಿಷಿನಲ್ಲಿರುವ ಬುಕ್‌ಶೆಲ್ಫ್ ಸ್ಪೀಕರ್ ಎಂಬ ಹೆಸರನ್ನು ಮಾತ್ರ ಪದಕ್ಕೆ ಪದ ಇಟ್ಟು ‘ಪುಸ್ತಕದ ಕಪಾಟಿನ ಸ್ಪೀಕರ್’ ಅಂತ ಬರೆಯಬೇಡಿ. ಈ ಹೆಸರು ನಂಬಿ ಜನ ಅದನ್ನು ಗೋಡೆಯ ಗೂಡಿನಲ್ಲಿ ತುರುಕುತ್ತಾರೆ. ನಮ್ಮ ನೆಂಟರ ಮನೆಯಲ್ಲಿ ಹಾಗೇ ಇಟ್ಟಿದ್ದರು. ಸ್ಪೀಕರಿನ ಹಿಂದೆ ಗಾಳಿ ಆಡುವ ತೂತು, ಅದರ ಬೆನ್ನಿಗೇ ಗೂಡಿನ ಗೋಡೆ. ಡಗ್ಗಾದ (ತಬಲಾ ಜೋಡಿಯಲ್ಲಿ ಕೆಳದನಿಯದು) ಪೆಟ್ಟು ಬಿದ್ದಾಗಲೆಲ್ಲ ಗೂಡೇ ನುಡಿಯುತ್ತಿತ್ತು, ತಬಲಾದ ಬೋಲು ಒಂದೂ ಬಿಡಿಯಾಗಿ ಕೇಳುತ್ತಿರಲಿಲ್ಲ. ತೆಗೆದು ಸ್ಟೂಲ್ ಮೇಲೆ, ಗೋಡೆಯಿಂದ ಎರಡು ಅಡಿ ಮುಂದೆ ಇಟ್ಟಾಗ ಧಾ, ಧಿನ್ ಬೇರೆ ಬೇರೆಯಾದವು. ‘ಸಣ್ಣ ಸ್ಪೀಕರ್’ ಅಂದರೆ ಸಾಕು. ಅಂದಹಾಗೆ, ಸಣ್ಣ ಸ್ಪೀಕರ್ ಜಾಗ ಉಳಿಸುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಸ್ಟ್ಯಾಂಡ್ ಮೇಲಿಟ್ಟರೆ ಟವರ್ ಹಿಡಿಯುವಷ್ಟೇ ನೆಲ ಹಿಡಿಯುತ್ತದೆ.

ಪತ್ರಿಕೆಗಳ ‘ಧ್ವನಿವರ್ಧಕ’ವನ್ನು ನಾನು ಬಿಟ್ಟೆ. ವರ್ಧಕ ಅಂದರೆ ಹೆಚ್ಚಿಸುವುದು, ಆ ಕೆಲಸ ಆಂಪ್ಲಿಫೈಯರಿನದು.

ಕ್ರಾಸ್‌ಓವರ್‌ಗೆ ಏನನ್ನಬೇಕು? ಸಣ್ಣ ಸ್ಪೀಕರ್ ಯಾವ ಸ್ವರದವರೆಗೆ, ಸಬ್‌ವೂಫರ್ ಎಲ್ಲಿಂದ ಕೆಳಗೆ ಅಂತ ಕೆಲಸ ಹಂಚುವ ಜಾಗ ಅದು. ಸಾಮಾನ್ಯವಾಗಿ 80 ಹರ್ಟ್ಸ್‌ಗೆ ಇಡುತ್ತಾರೆ, ಯಾಕೆಂದರೆ ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ತಿಳಿಯುವುದು ಕಷ್ಟ. ನಾನು ‘ಗಡಿ’ ಅಂತ ಬರೆದಿದ್ದೆ. ಕಾಕಾ ಓದಿ ‘ಹಂಗಾರ ಬದು ಅನ್ನು’ ಅಂದರು. ಅವರ ಮಾತೇ ಹೆಚ್ಚು ಸರಿ ಅನ್ನಿಸಿತು. ಗಡಿ ಬರೀ ಗೆರೆ. ಎರಡು ಹೊಲದ ನಡುವಿನ ಬದುವಿಗೆ ಅಗಲ ಇರುತ್ತದೆ. 80ರಲ್ಲಿ ಒಂದು ಸ್ಪೀಕರ್ ಟಕ್ಕನೆ ನಿಂತು ಇನ್ನೊಂದು ಶುರುವಾಗುವುದಿಲ್ಲ. ಒಂದು ನಿಧಾನಕ್ಕೆ ಇಳಿಯುತ್ತದೆ, ಇನ್ನೊಂದು ನಿಧಾನಕ್ಕೆ ಏರುತ್ತದೆ, ನಡುವೆ ಎರಡೂ ನುಡಿಯುತ್ತವೆ. ಅಲ್ಲಿ ಎರಡೂ ಹೊಂದದಿದ್ದರೆ ಡಗ್ಗಾ ಒಂದು ಕಡೆ, ಹಾಡು ಒಂದು ಕಡೆ ಆಗುತ್ತದೆ. ಸಬ್‌ವೂಫರ್ ಹಿಂದಿನ ‘ಫೇಸ್’ ಗುಂಡಿ ಇರುವುದು ಇದನ್ನು ಹೊಂದಿಸಲಿಕ್ಕೆ.

ಇಷ್ಟು ಪದ ಕೈಗೆ ಬಂದ ಮೇಲೆ ನನ್ನ ಉತ್ತರವೂ ಗಟ್ಟಿಯಾಯಿತು. ಕಾಕಾನ ಪಡಸಾಲೆಗೆ ಸಣ್ಣ ಸ್ಪೀಕರ್ ಮತ್ತು ಸಬ್‌ವೂಫರ್ ಜೋಡಿಯೇ ಸರಿ. ಟವರ್‌ನಲ್ಲಿ ಮೇಲಿನ ದನಿ, ಕೆಳದನಿ ಎರಡೂ ಒಂದೇ ಪೆಟ್ಟಿಗೆಯಲ್ಲಿ. ಹಾಡು ಚೆನ್ನಾಗಿ ಕೇಳುವ ಜಾಗದಲ್ಲಿ ಇಟ್ಟರೆ ಗುಂಯ್ ಏಳಬಹುದು, ಗುಂಯ್ ತಪ್ಪಿಸಲು ಸರಿಸಿದರೆ ಹಾಡು ಕೆಡುತ್ತದೆ. ಸಬ್‌ವೂಫರ್ ಬೇರೆ ಇದ್ದರೆ ಅದರ ಜಾಗ ಅದಕ್ಕೆ. ಜಾಗ ಹುಡುಕುವ ಉಪಾಯವೂ ಸುಲಭ. ಕಾಕಾ ಕೂರುವ ಕುರ್ಚಿಯ ಜಾಗದಲ್ಲಿ ಸಬ್‌ವೂಫರ್ ಇಟ್ಟು ಕೆಳದನಿ ಇರುವ ಹಾಡು ಹಚ್ಚಬೇಕು. ಆಮೇಲೆ ಗೋಡೆಗುಂಟ ಮಂಡಿಯೂರಿ ಸರಿಯುತ್ತ ಕೇಳಬೇಕು. ಯಾವ ಜಾಗದಲ್ಲಿ ಒಂದು ಸ್ವರ ಉಬ್ಬದೆ, ಇನ್ನೊಂದು ಅಡಗದೆ ಎಲ್ಲವೂ ಸಮನಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಟ್ಟರಾಯಿತು. ಮೂಲೆಗೆ ದೂಡಿದರೆ ದಮ್ ಜಾಸ್ತಿ ಬರುತ್ತದೆ, ಆದರೆ ಗುಂಯ್ ಕೂಡ ಜೊತೆಗೇ ಬರುತ್ತದೆ.

ಇನ್ನೊಂದು ಅನುಕೂಲ, ಇದನ್ನು ಎರಡು ಕಂತಿನಲ್ಲಿ ಕೊಳ್ಳಬಹುದು. ಮೊದಲು ಒಳ್ಳೆಯ ಸಣ್ಣ ಸ್ಪೀಕರ್ ಜೋಡಿ. ಸಿನಿಮಾಕ್ಕೆ ಸಾಲದು ಅನ್ನಿಸಿದಾಗ ಸಬ್‌ವೂಫರ್. ಆಂಪ್ಲಿಫೈಯರಿನಲ್ಲಿ ಸಬ್‌ವೂಫರ್‌ಗೆ ಬೇರೆ ದಾರಿ ಇರಬೇಕು, ಸಣ್ಣ ಸ್ಪೀಕರ್‌ಗೆ ಕೆಳದನಿ ಹೋಗದಂತೆ ತಡೆಯುವ ವ್ಯವಸ್ಥೆಯೂ ಇರಬೇಕು. ಇಲ್ಲದಿದ್ದರೆ ಸಣ್ಣದು ತನ್ನದಲ್ಲದ ಕೆಲಸಕ್ಕೆ ಒದ್ದಾಡುತ್ತಲೇ ಇರುತ್ತದೆ. ಸಬ್‌ವೂಫರ್ ಅಗ್ಗದ್ದಾದರೆ ಎಲ್ಲ ಸ್ವರಕ್ಕೂ ಒಂದೇ ‘ಧಂ’ ಅನ್ನುತ್ತದೆ, ಅದಕ್ಕಿಂತ ಇಲ್ಲದಿರುವುದೇ ಮೇಲು. ಪಡಸಾಲೆ 20 ಅಡಿಗೆ 30 ಅಡಿ ಇದ್ದು, ಗುಂಡಿ ತಿರುಗಿಸಿ ಹೊಂದಿಸುವ ವ್ಯವಧಾನ ಮನೆಯಲ್ಲಿ ಯಾರಿಗೂ ಇಲ್ಲ ಅಂದಿದ್ದರೆ ನಾನು ಟವರ್ ಅಂತಲೇ ಬರೆಯುತ್ತಿದ್ದೆ.

ಈಗ ನಿಮ್ಮಿಂದ ಬೇಕಾದದ್ದು. ಖರ್ಜ, ದಮ್, ಗುಂಯ್ ಈ ಮೂರಕ್ಕೆ ನಿಮ್ಮ ಊರಲ್ಲಿ ಏನಂತಾರೆ? ತಬಲಾ, ಡೊಳ್ಳು, ಹಲಗಿ ಬಾರಿಸುವವರು, ಮೈಕ್ ಸೆಟ್ ಬಾಡಿಗೆಗೆ ಕೊಡುವವರು ಬಳಸುವ ಪದಗಳಿದ್ದರೆ ದಯವಿಟ್ಟು ಬರೆಯಿರಿ. ಪದಕೋಶದಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ. ಬೀದರ್ ಕಡೆಯವರಲ್ಲಿ ಇನ್ನೊಂದು ಕೇಳಿಕೆ: ನಿಮ್ಮ ಮಾತಿನಲ್ಲಿ ‘ಗೂಂಜ್’ ಬರುತ್ತದಲ್ಲ, ಅದನ್ನು ಮರಳಿ ಬರುವ ಮಾರ್ದನಿಗೆ ಹೇಳುತ್ತೀರೋ, ಕೋಣೆ ತುಂಬಿ ನಿಲ್ಲುವ ಗುಂಯ್‌ಗೆ ಹೇಳುತ್ತೀರೋ?