ಸಹಾಯ ಬೇಕು: ಹಳೆಯ ಪರ್ಲ್ ಕೋಡನ್ನು ಪೈಥಾನ್‌ಗೆ ಬದಲಿಸಬೇಕೇ?

ನಮಸ್ಕಾರ. ಕಲಬುರಗಿಯ ತೊಗರಿ ಬೇಳೆ ಮಿಲ್ಲುಗಳ ತೂಕ ಹಾಗೂ ಬಿಲ್ಲಿನ ತಂತ್ರಾಂಶವನ್ನು ನಾವು ಮೂವರು ನೋಡಿಕೊಳ್ಳುತ್ತೇವೆ. ಮೂಲ ಕೋಡ್ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದು, ಬರೆದವರು ಈಗ ಜೊತೆಯಲ್ಲಿಲ್ಲದ ಕಾರಣ, ಹೆಸರಿಲ್ಲದ ಡಾಲರ್-ಅಂಡರ್‌ಸ್ಕೋರ್ ($_ ಎಂಬ ಪರ್ಲ್‌ನ ಪೂರ್ವನಿಯೋಜಿತ ಚರಾಂಶ) ಮತ್ತು ಉದ್ದುದ್ದ ರೆಗೆಕ್ಸ್‌ಗಳ (ಪಠ್ಯ ಹುಡುಕುವ ಮಾದರಿಗಳ) ನಡುವೆ ಒಂದು ಸಣ್ಣ ತಿದ್ದುಪಡಿಗೂ ಎರಡು ದಿನ ಹಿಡಿಯುತ್ತಿದೆ. ತಪ್ಪುಗಳನ್ನು ಹಿಡಿಯುವ ಸ್ಟ್ರಿಕ್ಟ್ ನಿಯಮವನ್ನು ಸೇರಿಸಿದೆವು, ಪರ್ಲ್‌ಟೈಡಿ ಎಂಬ ಸಾಧನದಿಂದ ಸಾಲುಗಳನ್ನು ಓರಣಗೊಳಿಸಿದೆವು. ಕಣ್ಣಿಗೆ ಹಿತವಾಯಿತು, ಅರ್ಥ ತಿಳಿಯಾಗಲಿಲ್ಲ.

ಒಂದು ವರದಿಯನ್ನು ಪೈಥಾನ್‌ನಲ್ಲಿ ಬರೆದಾಗ, ಇಂಡೆಂಟೇಶನ್ (ಸಾಲಿನ ಆರಂಭದಲ್ಲಿ ಬಿಡುವ ಜಾಗ) ಕಡ್ಡಾಯವಾಗಿರುವುದರಿಂದ ಹೊಸಬರೂ ಸುಲಭವಾಗಿ ಓದಿದರು. ಆದರೆ ತೂಕದ ಯಂತ್ರ ಕಳಿಸುವ ‘4550 ಕೆಜಿ’ ಎಂಬ ಪಠ್ಯವನ್ನು ಪರ್ಲ್ ಕೂಡಿಸುವಾಗ 4550 ಎಂದೇ ಎಣಿಸುತ್ತಿತ್ತು, ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ನನಗೆ ಪೈಥಾನ್ ನಡೆಯೇ ಸರಿಯೆನಿಸುತ್ತದೆ, ಆದರೂ ಇಂತಹ ಅಡಗಿದ ಅವಲಂಬನೆಗಳು ಇನ್ನೆಷ್ಟಿವೆಯೋ ಎಂಬ ಆತಂಕವಿದೆ.

ಪರ್ಲ್ ಕೋಡಿಗೆ ಮೊದಲು ಪರೀಕ್ಷೆಗಳನ್ನು ಬರೆದು ಒಂದೊಂದೇ ಭಾಗವನ್ನು ಬದಲಿಸಬೇಕೇ, ಅಥವಾ ಪರ್ಲ್‌ನಲ್ಲೇ ಉಳಿದು ತಿದ್ದಿಕೊಳ್ಳಬೇಕೇ? ಇಂತಹ ಬದಲಾವಣೆ ಮಾಡಿದವರು ದಯವಿಟ್ಟು ತಿಳಿಸಿ.