ಕ್ರಿಸ್ಮಸ್, ಎಪಿಫನಿ ವಾಕ್ಯಗಳ ಮೇಲೆ ಹತ್ತು ನಿಮಿಷ ಮಾತಾಡಬೇಕು. ನೀವು ಹೇಗೆ ಮಾಡಿದಿರಿ?

ಹಾಸನ ಜಿಲ್ಲೆಯಿಂದ, ಕೇಳಿದ್ದು

ಎಲ್ಲರಿಗೂ ವಂದನೆಗಳು. ನಮ್ಮದು ಸಣ್ಣ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಚರ್ಚು, ನಲವತ್ತು ಮನೆ ಇರಬಹುದು. ನಮ್ಮ ಪಾದ್ರಿ ಅಯ್ಯನವರು ನಾಲ್ಕು ಊರು ನೋಡಿಕೊಳ್ಳಬೇಕು. ಹಾಗಾಗಿ ಕ್ರಿಸ್ಮಸ್ ಹಿಂದಿನ ರಾತ್ರಿ, ಜನವರಿ 1, ಎಪಿಫನಿ (ಮೂಡಣದ ಜೋಯಿಸರು ಕೂಸು ಯೇಸುವನ್ನು ನೋಡಲು ಬಂದದ್ದನ್ನು ನೆನೆಯುವ ಹಬ್ಬ) ಭಾನುವಾರ, ಈ ಮೂರು ದಿನ ಪ್ರಸಂಗ ನೀನೇ ಮಾಡಮ್ಮ ಅಂದಿದ್ದಾರೆ. ನಾನು ಪ್ರೈಮರಿ ಶಾಲೆ ಟೀಚರ್. ಸಂಡೇ ಸ್ಕೂಲ್ ಮಕ್ಕಳಿಗೆ ಕಥೆ ಹೇಳಿ ಅಭ್ಯಾಸ ಇದೆ, ದೊಡ್ಡವರ ಮುಂದೆ ನಿಂತಿಲ್ಲ. ಎಲ್ಲರಿಗೂ ಬಾಯಿಪಾಠ ಆಗಿರುವ ಕಥೆ ಇದು. ಅದರಲ್ಲಿ ನಾನು ಏನು ಹೇಳಲಿ? ನಿಮಗೆ ಆದ ಅನುಭವ ಹೇಳಿ.

ಗದಗ ಕಡೆಯಿಂದ

ಸಹೋದರಿ, ನನಗೂ ಮೊದಲ ಸಲ ಲೂಕನ 2ನೇ ಅಧ್ಯಾಯವೇ ಬಂದಿತ್ತು. ಆದಾಮನಿಂದ ಶುರು ಮಾಡಿ ಶಿಲುಬೆವರೆಗೂ ಹೋದೆ. ಮೂವತ್ತೈದು ನಿಮಿಷ ಆಯಿತು. ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತು ಕೇಳಿದರು: "ಕೂಸನ್ನ ಗ್ವಾದ್ಲಿಯಾಗ ಯಾಕ ಮಲಗಿಸಿದ್ರು? ಅದನ್ನ ನೀ ಹೇಳಲೇ ಇಲ್ಲಲ್ಲ."

ಆ ಮಾತು ವರ್ಷವಿಡೀ ತಲೆಯಲ್ಲಿತ್ತು. ಮುಂದಿನ ಕ್ರಿಸ್ಮಸ್‌ಗೆ ಗೋದಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಅದೊಂದೇ ಶಬ್ದ ಹಿಡಿದುಕೊಂಡು ಕೂತೆ. ಲೂಕ ಅದನ್ನು ಮೂರು ಸಲ ಬರೆದಿದ್ದಾನೆ, 7, 12 ಮತ್ತು 16ನೇ ವಚನದಲ್ಲಿ. ಕುರುಬರಿಗೆ ಕೊಟ್ಟ ಗುರುತೂ ಅದೇ. ಆದರೆ ಕೊಟ್ಟಿಗೆ ಅಂತ ಅವನು ಎಲ್ಲೂ ಬರೆದಿಲ್ಲ. ದನ, ಕತ್ತೆ ಕೂಡ ಇಲ್ಲ. ಅವೆಲ್ಲ ನಾವು ಗೋದಲಿ ಕಟ್ಟುವಾಗ ಇಡುವ ಬೊಂಬೆಗಳು.

ನಮ್ಮ ಹಳೆ ಮನೆ ಹೀಗಿತ್ತು. ಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಅಲ್ಲಿ ಮನುಷ್ಯರು. ಪಡಸಾಲೆಯ ಅಂಚಿಗೆ ಕಲ್ಲಿನ ಗ್ವಾದಲಿ. ಎತ್ತುಗಳು ಕುತ್ತಿಗೆ ಉಜ್ಜಿ ಉಜ್ಜಿ ಅದರ ಅಂಚು ಹೊಳೆಯುವಷ್ಟು ನುಣುಪಾಗಿತ್ತು. ಚಳಿಗಾಲದ ರಾತ್ರಿ ಮನೆಯಲ್ಲಿ ಬೆಚ್ಚಗಿನ ಜಾಗ ಅಂದರೆ ಅದೇ. ಯೂದಾಯದ ಬಡವರ ಮನೆಗಳೂ ಹೀಗೆ ಒಂದೇ ಸೂರಿನಡಿ ಇರುತ್ತಿದ್ದವು ಅಂತ ಓದಿದಾಗ ಮೈ ಜುಮ್ಮೆಂದಿತು.

ಇನ್ನೊಂದು ವಿಷಯ. 7ನೇ ವಚನದಲ್ಲಿ ಅವರಿಗೆ "ಛತ್ರ"ದಲ್ಲಿ ಜಾಗ ಇರಲಿಲ್ಲ ಅಂತ ನಮ್ಮ ಬೈಬಲಿನಲ್ಲಿ ಇದೆಯಲ್ಲ, ಅಲ್ಲಿರುವ ಗ್ರೀಕ್ ಶಬ್ದವನ್ನೇ ಲೂಕ ಕಡೇ ಊಟದ ಕೋಣೆಗೂ ಬಳಸುತ್ತಾನೆ (22:11). ಒಳ್ಳೆ ಸಮಾರ್ಯದವನು ಗಾಯಾಳುವನ್ನು ಕರೆದುಕೊಂಡು ಹೋದ ಛತ್ರಕ್ಕೆ ಅವನು ಹಾಕಿದ್ದು ಬೇರೆ ಶಬ್ದ. ಹಾಗಾಗಿ ಇಲ್ಲಿ ಹೇಳಿರುವುದು ಅತಿಥಿಗಳ ಕೋಣೆ ಅಂತ ಎಷ್ಟೋ ಪಂಡಿತರು ಹೇಳುತ್ತಾರೆ. ನನಗೂ ಅದೇ ಸರಿ ಅನಿಸುತ್ತದೆ. ಅಲ್ಲಿ ಜಾಗ ಇರಲಿಲ್ಲ. ಇದ್ದ ಇಕ್ಕಟ್ಟಿನಲ್ಲೇ ಯಾರೋ ಸರಿದು ಕೂತು, ಬಾಣಂತಿಗೆ ಜಾಗ ಮಾಡಿಕೊಟ್ಟರು. ನಾನು ಹೇಳಿದ್ದು ಇಷ್ಟೇ, ಎಂಟು ನಿಮಿಷ.

ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಹತ್ತಿರ ಬಂದರು. "ನಮ್ಮನ್ಯಾಗ ಗ್ವಾದ್ಲಿ ಒಡದು ಸ್ಕೂಟರ್ ನಿಲ್ಲಸೇವಿ" ಅಂದರು. ಮತ್ತೇನೂ ಹೇಳಲಿಲ್ಲ, ಸುಮ್ಮನೆ ನನ್ನ ಕೈ ಹಿಡಿದುಕೊಂಡು ನಿಂತರು.

ನನ್ನ ಸಲಹೆ ಇದು: ಒಂದು ಶಬ್ದ ಆರಿಸಿ. ನಿಮ್ಮ ಜನ ಕೈಯಲ್ಲಿ ಮುಟ್ಟಿರುವ ಶಬ್ದ ಆಗಿರಲಿ.

ಶಿವಮೊಗ್ಗದಿಂದ

ಬರೆದುಕೊಂಡು ಹೋಗಿ, ನೋಡಿ ಓದಿದರೂ ತಪ್ಪಿಲ್ಲ. ಹಿಂದಿನ ದಿನ ಮನೆಯಲ್ಲಿ ಜೋರಾಗಿ ಓದಿ ಗಡಿಯಾರ ನೋಡಿ. ಕ್ರಿಸ್ಮಸ್ ರಾತ್ರಿ ಹಾಡುಗಳೇ ಜಾಸ್ತಿ ಇರುತ್ತವೆ, ಮಕ್ಕಳ ನಾಟಕವೂ ಇರುತ್ತದೆ. ಹತ್ತು ನಿಮಿಷ ಅಂದರೆ ಏಳಕ್ಕೆ ತಯಾರಾಗಿ.

ಮಂಗಳೂರಿನಿಂದ, ಕಥೋಲಿಕರು

ನಾನು ಪ್ರಬೋಧನೆ ಕೊಡುವವಳಲ್ಲ, ವಾರ್ಡಿನ ಕೂಟದಲ್ಲಿ ಚಿಂತನೆ ನಡೆಸುತ್ತೇನೆ. ನಮ್ಮಲ್ಲಿ ಕ್ರಿಸ್ಮಸ್‌ಗೆ ಒಂದೇ ವಾಚನ ಇರುವುದಿಲ್ಲ. ಹಿಂದಿನ ಸಂಜೆಗೆ ಮತ್ತಾಯನ ವಂಶಾವಳಿ, ರಾತ್ರಿಗೆ ಲೂಕನ ಜನನದ ಕಥೆ, ಮುಂಜಾನೆಗೆ ಕುರುಬರು ಬಂದು ನೋಡುವುದು, ಹಗಲಿನ ಬಲಿಪೂಜೆಗೆ ಯೋವಾನ್ನನ ಮೊದಲ ಅಧ್ಯಾಯ. ಇದರಿಂದ ನಾನು ಕಲಿತದ್ದು, ಎರಡು ಶುಭಸಂದೇಶಗಳನ್ನು ಕಲಸಬಾರದು. ಮತ್ತಾಯನಲ್ಲಿ ಕುರುಬರಿಲ್ಲ. ಲೂಕನಲ್ಲಿ ನಕ್ಷತ್ರ ಇಲ್ಲ. ಆ ದಿನ ಯಾರದ್ದು ಓದಿದ್ದಾರೋ ಅವರ ಕಣ್ಣಿನಿಂದಲೇ ನೋಡಿ. ಗೊತ್ತಿರುವ ಕಥೆಯೇ ಹೊಸದಾಗಿ ಕೇಳಿಸುತ್ತದೆ.

ವಂಶಾವಳಿ ಬಂದರೆ ಬೇಜಾರು ಅಂತ ಬಿಡಬೇಡಿ. ಮರಿಯಳನ್ನು ಬಿಟ್ಟು ನಾಲ್ಕು ಹೆಂಗಸರು ಅದರಲ್ಲಿ ಬರುತ್ತಾರೆ: ತಾಮಾರ್, ರಾಹಾಬ್, ರೂತ್, ಊರಿಯನ ಹೆಂಡತಿ. ಅವರ ಬದುಕು ಸುಲಭದ್ದಲ್ಲ. ಒಮ್ಮೆ ಕೂಟದಲ್ಲಿ ನಿಮ್ಮ ಮುತ್ತಜ್ಜಿ ಹೆಸರು ಹೇಳಿ ಅಂದೆ. ಮುತ್ತಜ್ಜನ ಹೆಸರು ಎಲ್ಲರಿಗೂ ಗೊತ್ತಿತ್ತು. ಮುತ್ತಜ್ಜಿ ಹೆಸರು ಹೇಳಿದವರು ಇಬ್ಬರೇ. ಮರುದಿನ ಒಬ್ಬರು ತವರಿಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡು, ಆ ಹೆಸರನ್ನು ಚೀಟಿಯಲ್ಲಿ ಬರೆದು ತಂದು ನಮ್ಮ ಗೋದಲಿಯ ಹತ್ತಿರ ಇಟ್ಟರು.

ಮೈಸೂರಿನಿಂದ

ಎಪಿಫನಿಗೆ ಸಾಮಾನ್ಯವಾಗಿ ಬರುವುದು ಮತ್ತಾಯ 2:1–12, ಆದರೂ ನಿಮ್ಮ ಅಲ್ಮನಾಕ್ (ಯಾವ ದಿನಕ್ಕೆ ಯಾವ ವಾಕ್ಯ ಅಂತ ತಿಳಿಸುವ ಸಭೆಯ ಪಂಚಾಂಗ) ನೋಡಿಕೊಳ್ಳಿ. ಬಂದವರು ಮೂವರು ಅಂತ ಅಲ್ಲಿ ಇಲ್ಲ, ಕಾಣಿಕೆ ಮಾತ್ರ ಮೂರು: ಚಿನ್ನ, ಧೂಪ, ರಕ್ತಬೋಳ. ರಾಜರು ಅಂತಲೂ ಇಲ್ಲ. ನಮ್ಮ ಹಳೆ ಕನ್ನಡ ಬೈಬಲಿನಲ್ಲಿ "ಜೋಯಿಸರು" ಅಂತ ಇದೆ. ಎಷ್ಟು ಹತ್ತಿರದ ಶಬ್ದ ಅಲ್ವಾ! ಮನೆ ಕಟ್ಟುವಾಗ, ಮದುವೆ ಮಾಡುವಾಗ ನಮ್ಮ ನೆರೆಹೊರೆಯವರು ಯಾರ ಹತ್ತಿರ ಹೋಗುತ್ತಾರೋ ಅವರೇ ಜೋಯಿಸರು. ಸಭೆಯ ಹೊರಗಿನವರು ಮೊದಲು ಬಂದು ಅಡ್ಡಬಿದ್ದರು ಅನ್ನುವುದನ್ನು ಆ ಒಂದೇ ಶಬ್ದ ಹೇಳಿಬಿಡುತ್ತದೆ.

ನನ್ನನ್ನು ಜಾಸ್ತಿ ಚುಚ್ಚಿದ್ದು ಬೇರೆ. ಕ್ರಿಸ್ತ ಹುಟ್ಟುವುದು ಎಲ್ಲಿ ಅಂತ ಅರಸ ಹೆರೋದ ಕೇಳಿದ ಕೂಡಲೇ ಮಹಾಯಾಜಕರು, ಶಾಸ್ತ್ರಿಗಳು ಮೀಕನ ವಾಕ್ಯ ತೆಗೆದು ಬೇತ್ಲೆಹೇಮ್ ಅಂದರು. ಉತ್ತರ ಸರಿ ಇತ್ತು. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಅವರಲ್ಲಿ ಒಬ್ಬರಾದರೂ ಹೊರಟರು ಅಂತ ಮತ್ತಾಯ ಬರೆದಿಲ್ಲ. ಇಪ್ಪತ್ತು ವರ್ಷ ಬೈಬಲ್ ಸ್ಟಡಿ ಮಾಡಿದ ನನಗೆ ಅದು ನಾಟಿತು. ಪ್ರಸಂಗದಲ್ಲಿ ಅದನ್ನು ಬೇರೆಯವರ ಮೇಲೆ ಹಾಕದೆ, ನನ್ನ ಬಗ್ಗೆ ಅಂತಲೇ ಹೇಳಿದೆ.

ಸಾಧ್ಯವಾದರೆ ಗ್ರಂಧಿಗೆ ಅಂಗಡಿಯಿಂದ ಸ್ವಲ್ಪ ಬೋಳ ತಂದು ಎಲ್ಲರ ಕೈಗೂ ಕೊಡಿ. ಬೈಬಲಿನ ರಕ್ತಬೋಳ ಅಂದರೆ ಒಂದು ಗಿಡದ ಅಂಟು. ಅಂಗಡಿಗಳಲ್ಲಿ ಬೋಳ ಅಂದರೆ ಬೇರೆ ಬೇರೆ ಅಂಟು ಕೊಡುತ್ತಾರೆ, ಹೀರಾಬೋಳ ಅಂತ ಕೇಳಿ. ಕಂದು ಬಣ್ಣದ ಸಣ್ಣ ಗಂಟುಗಳು, ಮುರಿದರೆ ಕಹಿ ವಾಸನೆ. ನಾನು ಕೊಟ್ಟಾಗ ಹೆಂಗಸರ ಸಾಲಿನಲ್ಲಿ ಗುಸುಗುಸು ಶುರುವಾಯಿತು, ಬಾಣಂತಿ ಮದ್ದು ಅಂತ. ಆಗ ಯೋಹಾನ 19:39 ಓದಿದೆ. ಯೇಸುವನ್ನು ಸಮಾಧಿ ಮಾಡುವಾಗ ನಿಕೊದೇಮ ತಂದದ್ದರಲ್ಲೂ ಇದೇ ರಕ್ತಬೋಳ ಇದೆ. ಯಾರೂ ಮಾತಾಡಲಿಲ್ಲ. ನಾನೂ ವಿವರಿಸಲು ಹೋಗಲಿಲ್ಲ.

ಮಸ್ಕತ್‌ನಿಂದ

ಇಲ್ಲಿ ನಮ್ಮ ಕನ್ನಡ ಆರಾಧನೆ ಶುಕ್ರವಾರ. ಎಪಿಫನಿ ವಾಕ್ಯದ ಮುಂದಿನ ಭಾಗ, ಕೂಸನ್ನು ಎತ್ತಿಕೊಂಡು ರಾತ್ರೋರಾತ್ರಿ ಐಗುಪ್ತಕ್ಕೆ ಓಡುವುದು, ಅದನ್ನೂ ಒಮ್ಮೆ ಓದಿ. ಪರದೇಶದಲ್ಲಿ ಇರುವ ಮಕ್ಕಳ ತಂದೆತಾಯಿ ನಿಮ್ಮ ಸಭೆಯಲ್ಲೂ ಇರುತ್ತಾರೆ.

ಬೆಂಗಳೂರಿನಿಂದ

ಮೇಲಿನವರು ಹೇಳಿದ ಭಾಗ ಓದುವುದಾದರೆ ಒಂದು ಕೋರಿಕೆ. ನಾನು ಮಗು ಕಳಕೊಂಡ ತಾಯಿ. ಹೆರೋದ ಬೇತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ್ದನ್ನು ಓದಿ, ಮರು ನಿಮಿಷವೇ "ಆದರೆ ದೇವರು ಒಳ್ಳೆಯದನ್ನೇ ಮಾಡುತ್ತಾನೆ" ಅನ್ನಬೇಡಿ. ಮತ್ತಾಯನೇ ಹಾಗೆ ಅನ್ನಲಿಲ್ಲ. ಮಕ್ಕಳಿಗಾಗಿ ಅಳುತ್ತಿದ್ದ ರಾಹೇಲಳು ಸಮಾಧಾನ ಬೇಡ ಅಂದಳು ಅಂತ ಬರೆದು ಅಲ್ಲೇ ಬಿಟ್ಟ. ನಮ್ಮ ಪ್ರಸಂಗಿಗಳು ಒಂದು ಸಲ ಅದನ್ನು ಓದಿ, ಒಂದು ನಿಮಿಷ ಸುಮ್ಮನೆ ನಿಂತರು. ಆ ಒಂದು ನಿಮಿಷದಿಂದಲೇ ನಾನು ಮತ್ತೆ ಚರ್ಚಿಗೆ ಹೋಗುವ ಹಾಗಾಯಿತು.

ಹಾಸನ ಜಿಲ್ಲೆಯಿಂದ, ಮತ್ತೆ

ಎಲ್ಲರದ್ದೂ ಓದಿದೆ. ಬೆಂಗಳೂರಿನ ಸಹೋದರಿ, ನಿಮ್ಮ ಮಾತು ಬರೆದಿಟ್ಟುಕೊಂಡಿದ್ದೇನೆ. ಇವತ್ತು ಹೀರಾಬೋಳ ತಂದೆ, ಐವತ್ತು ಗ್ರಾಂ. ಅಮ್ಮ ಮೂಸಿ ನೋಡಿ "ನೀನು ಹುಟ್ಟಿದಾಗ ಮನೆಯೆಲ್ಲ ಇದೇ ವಾಸನೆ" ಅಂದರು. ಜನವರಿ 1ಕ್ಕೆ ಮಾತ್ರ ಇನ್ನೂ ಏನೂ ಹೊಳೆದಿಲ್ಲ. ಲೂಕ 2:21, ಎಂಟನೆಯ ದಿನ ಹೆಸರಿಟ್ಟದ್ದು. ಒಂದೇ ವಚನ.

ಗದಗ ಕಡೆಯಿಂದ

ಒಂದೇ ವಚನ ಸಾಕು ಸಹೋದರಿ. ಯೇಸು ಅನ್ನುವುದು ಆ ಕಾಲದಲ್ಲಿ ಬೀದಿಗೆ ನಾಲ್ಕು ಜನಕ್ಕೆ ಇದ್ದ ಹೆಸರು, ಮೋಶೆಯ ನಂತರ ಜನರನ್ನು ನಡೆಸಿದ ಯೆಹೋಶುವನ ಹೆಸರೇ ಅದು. ಅರ್ಥ, ಯೆಹೋವನು ರಕ್ಷಿಸುತ್ತಾನೆ. ನಾವು ಹೊಸ ವರ್ಷದ ದಿನ ದೀಕ್ಷಾಸ್ನಾನದ ರಿಜಿಸ್ಟರ್ ತೆಗೆದು, ಹೋದ ವರ್ಷ ಸಭೆಯಲ್ಲಿ ಹೆಸರಿಟ್ಟ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದುತ್ತೇವೆ. ತೀರಿಹೋದವರ ಹೆಸರುಗಳನ್ನೂ ಓದುತ್ತೇವೆ. ರಿಜಿಸ್ಟರ್ ಅಯ್ಯನವರ ಹತ್ತಿರ ಇರುತ್ತದೆ. ಈಗಲೇ ಕೇಳಿ ಇಸಕೊಳ್ಳಿ, ಡಿಸೆಂಬರ್ ಕೊನೆಯಲ್ಲಿ ಅವರು ಕೈಗೆ ಸಿಗುವುದಿಲ್ಲ.